ಮಾಲೆ ತೆಗೆದ ಮೇಲೆ: ಬೈಲಹೊಂಗಲ ಸೀಮೆಯಲ್ಲಿ ಕುಡಿತ ಬಿಟ್ಟವರ ಕೂಟಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಕುಡಿತ ಬಿಡುವವರಿಗೆ ಬರವಿಲ್ಲ. ಶ್ರಾವಣ ಹುಟ್ಟಿತೆಂದರೆ ತಿಂಗಳಿಡೀ ಸೆರೆ ಮುಟ್ಟದವರು ಊರೂರಲ್ಲಿ ಸಿಗುತ್ತಾರೆ. ಎಲ್ಲಮ್ಮನ ಗುಡ್ಡದಲ್ಲಿ ಭಂಡಾರ ಮುಟ್ಟಿ ಆಣೆ ಮಾಡಿ ಬಂದವರಿದ್ದಾರೆ, ಸ್ವಾಮಿಗಳ ಪಾದ ಹಿಡಿದು ಮಾತು ಕೊಟ್ಟವರಿದ್ದಾರೆ. ಕಾಮಾಲೆಯಾಗಿ ಮಲಗಿ ಎದ್ದ ಮೇಲೆ ಹೆಂಡತಿಯ ಮುಂದೆ "ಇನ್ನ ಮುಟ್ಟಂಗಿಲ್ಲ" ಎಂದವರಂತೂ ಲೆಕ್ಕವಿಲ್ಲದಷ್ಟು. ಅವರು ಸುಳ್ಳು ಹೇಳುವುದಿಲ್ಲ. ಹೇಳಿದ ದಿನ ಅದು ಎದೆಯಿಂದ ಬಂದ ಮಾತೇ. ಕಷ್ಟ ಶುರುವಾಗುವುದು ಆಮೇಲೆ. ಕೈ ನಡುಕ ನಿಂತಿರುತ್ತದೆ, ಊಟ ಸೇರುತ್ತಿರುತ್ತದೆ, ಮನೆಯವರ ಮುಖದಲ್ಲಿ ಗೆಲುವು ಬಂದಿರುತ್ತದೆ. ಅಷ್ಟರಲ್ಲಿ ಕಬ್ಬಿನ ಬಿಲ್ ಬರುತ್ತದೆ, ಇಲ್ಲವೇ ಅಳಿಯನ ಊರಿನ ಜಾತ್ರೆ ಬರುತ್ತದೆ. ಹಳೇ ಗೆಳೆಯನೊಬ್ಬ ಹೆಗಲ ಮೇಲೆ ಕೈ ಹಾಕಿ "ಒಂದ ದಿನಕ್ಕ ಏನಾಗತೈತೋ ಮಾರಾಯಾ" ಎನ್ನುತ್ತಾನೆ.

ಆ ಹೊತ್ತಿಗೆ ಕುಡಿತ ಬಿಟ್ಟವನ ಪಕ್ಕದಲ್ಲಿ ಯಾರಿರುತ್ತಾರೆ ಎಂಬುದೇ ಈ ಲೇಖನದ ಪ್ರಶ್ನೆ. ಬಿಡಿಸುವ ಏರ್ಪಾಡುಗಳು ಈ ಭಾಗದಲ್ಲಿ ಹಲವಿವೆ. ಬಿಟ್ಟವರು ವಾರವಾರ ಕೂಡಿ ಕೂರುವ ಜಾಗಗಳು ಕಡಿಮೆ. ಇದ್ದಲ್ಲಿಯೂ ಅವುಗಳ ಸುದ್ದಿ ಬೇಕಾದವರ ಕಿವಿಗೆ ಬೀಳುವುದಿಲ್ಲ.

ಅಯ್ಯಪ್ಪನ ಮಾಲೆ ಇಲ್ಲಿ ಒಂದು ಪಾಠ ಹೇಳುತ್ತದೆ. ವರ್ಷಗಟ್ಟಲೆ ಕುಡಿದವರೂ ಮಾಲೆ ಹಾಕಿದ 41 ದಿನ ಹನಿ ಮುಟ್ಟದೆ ಇರುವುದನ್ನು ಈ ಭಾಗದವರೆಲ್ಲ ಕಂಡಿದ್ದಾರೆ. ದೇವರ ಭಯ, ಭಕ್ತಿ ಎರಡೂ ಅಲ್ಲಿವೆ, ಸರಿ. ಅದರ ಜೊತೆಗೆ ಇನ್ನೂ ಒಂದಿದೆ. ಅವರು ನಸುಕಿನಲ್ಲಿ ಕೂಡಿ ಸ್ನಾನ ಮಾಡುತ್ತಾರೆ, ಕೂಡಿ ಅಡುಗೆ ಮಾಡುತ್ತಾರೆ, ಸಂಜೆ ಕೂಡಿ ಭಜನೆಗೆ ಕೂರುತ್ತಾರೆ. ನಿನ್ನೆಯವರೆಗೆ "ಏ ಕುಡುಕ್ಯಾ" ಎಂದು ಕರೆಸಿಕೊಂಡವನನ್ನು ಊರೇ "ಸ್ವಾಮಿ" ಎಂದು ಕರೆಯುತ್ತದೆ. ವೈನ್‌ಶಾಪಿನ ಗೆಳೆಯರು ತಾವಾಗಿಯೇ ದೂರ ಸರಿಯುತ್ತಾರೆ. ಹೆಚ್ಚು ಕಷ್ಟದ ಹೊತ್ತಾದ ಸಂಜೆಗೆ ಮಾಡಲು ಕೆಲಸವಿರುತ್ತದೆ, ಜೊತೆಗೆ ಜನವಿರುತ್ತಾರೆ. ಮಾಲೆ ತೆಗೆದ ಮರುದಿನ ಇವೆಲ್ಲ ಒಟ್ಟಿಗೇ ಹೋಗಿಬಿಡುತ್ತವೆ. 41 ದಿನ ಬಿಟ್ಟಿರಲು ಸಾಧ್ಯವಾದ ಮನುಷ್ಯ 42ನೆಯ ದಿನ ಕುಡಿದರೆ ಅವನ ಮನಸ್ಸು ಗಟ್ಟಿಯಿಲ್ಲ ಎಂದು ತೀರ್ಪು ಕೊಡುವುದು ಅನ್ಯಾಯ. ಅವನ ಸುತ್ತ ಇದ್ದ ಕೂಟ ಕರಗಿತು ಎಂಬುದನ್ನು ಮೊದಲು ನೋಡಬೇಕು.

ಅಗತ್ಯ ಎಷ್ಟು ದೊಡ್ಡದು ಎಂಬುದಕ್ಕೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ದೆಹಲಿಯ ಏಮ್ಸ್ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯನ್ನು ನೋಡಬಹುದು. ದೇಶದಲ್ಲಿ 10ರಿಂದ 75 ವರ್ಷದೊಳಗಿನವರಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 2.9 ಕೋಟಿ ಜನ ಅದಿಲ್ಲದೆ ಇರಲಾರದ ಸ್ಥಿತಿ ತಲುಪಿದವರು. ಈ 2.9 ಕೋಟಿಯಲ್ಲಿ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿದ್ದು 38ರಲ್ಲಿ ಒಬ್ಬರಿಗೆ, ಒಳರೋಗಿಯಾಗಿ ದಾಖಲಾಗಿ ಚಿಕಿತ್ಸೆ ಪಡೆದದ್ದು 180ರಲ್ಲಿ ಒಬ್ಬರು. ಮಿಕ್ಕವರು ಆಣೆ, ಬೈಗುಳ, ಜಗಳ, ಸಾಲಗಳ ನಡುವೆ ತಮ್ಮಷ್ಟಕ್ಕೆ ತಾವು ಹೋರಾಡುತ್ತಿದ್ದಾರೆ.

ಅಂಗಡಿ ಮುಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆಗೆ ಈ ಜಿಲ್ಲೆಯಲ್ಲಿ ಉದ್ದದ ಇತಿಹಾಸವಿದೆ. ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದಾಗ 1949ರ ಪಾನನಿಷೇಧ ಕಾಯ್ದೆ ಇಲ್ಲಿಗೂ ಅನ್ವಯಿಸಿತ್ತು. ಏಕೀಕರಣದ ನಂತರ, 1960ರ ದಶಕದಲ್ಲಿ, ನಿಷೇಧ ತೆರವಾಯಿತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದಾಯಿತು, ಅಗ್ಗದ ವಿಸ್ಕಿ, ಬ್ರಾಂದಿಗಳು ಅದರ ಜಾಗಕ್ಕೆ ಬಂದವು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಮಹಿಳೆಯರು, ಬಹುಪಾಲು ಉತ್ತರ ಕರ್ನಾಟಕದವರು, ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. 2025–26ರ ಬಜೆಟ್ಟಿನಲ್ಲಿ ರಾಜ್ಯ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಆ ಹೆಣ್ಣುಮಕ್ಕಳ ಬೇಡಿಕೆ ನ್ಯಾಯದ್ದು, ಹೋರಾಟ ನಡೆಯಲಿ. ಆದರೆ ಈ ವಾರ ಕುಡಿತ ಬಿಟ್ಟ ನೇಕಾರನೊಬ್ಬ ರಾಮದುರ್ಗದಲ್ಲಿದ್ದರೆ, ಅವನು ಸರ್ಕಾರದ ನೀತಿ ಬದಲಾಗುವ ತನಕ ಕಾಯಲಾರ.

ಕೂಟಕ್ಕೆ ಹೋಗುವ ಮುಂಚೆ ದೇಹದ ಮಾತು. ದಿನವೂ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ತಾಸಿನಲ್ಲಿ ಕೈ ನಡುಗುತ್ತದೆ, ಬೆವರು ಹರಿಯುತ್ತದೆ, ನಿದ್ದೆ ಬರುವುದಿಲ್ಲ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಹಗಲು ರಾತ್ರಿಯ ಎಚ್ಚರ ತಪ್ಪಿ, ಇಲ್ಲದ ಹುಳ ಹುಪ್ಪಟೆ ಗೋಡೆಯ ಮೇಲೆ ಹರಿದಂತೆ ಕಾಣುತ್ತದೆ. ಮನೆಯವರು ಗಾಳಿ ಸೋಕಿತು ಎಂದುಕೊಂಡು ತಾಯತ ಕಟ್ಟಿಸಲು ಓಡುವುದುಂಟು. ಆಗ ಓಡಬೇಕಾದದ್ದು ಆಸ್ಪತ್ರೆಗೆ, ಏಕೆಂದರೆ ಇದು ಜೀವಕ್ಕೇ ಅಪಾಯದ ಸ್ಥಿತಿ. ವೈದ್ಯರು ಕೆಲವು ದಿನಗಳ ಮಟ್ಟಿಗೆ ನಡುಕ ಹಾಗೂ ಫಿಟ್ಸ್ ತಡೆಯುವ ಮಾತ್ರೆ ಕೊಟ್ಟು ಹಂತಹಂತವಾಗಿ ಇಳಿಸುತ್ತಾರೆ, ಜೊತೆಗೆ ಬಿ1 ಜೀವಸತ್ವ ಕೊಡುತ್ತಾರೆ. ಯಾವ ಕೂಟವೂ, ಎಷ್ಟೇ ಒಳ್ಳೆಯದಿರಲಿ, ಈ ಕೆಲಸ ಮಾಡಲಾರದು.

ಇದಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಕರ್ನಾಟಕದ 'ಮನೋಚೈತನ್ಯ' ಕಾರ್ಯಕ್ರಮದಡಿ ಮಂಗಳವಾರಗಳಂದು ಸರದಿಯ ಪ್ರಕಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. ತಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಕೇಳಿ ತಿಳಿಯಬೇಕು. ದೊಡ್ಡ ಆಸರೆ ಎಂದರೆ ಧಾರವಾಡದ ಡಿಮ್ಹಾನ್ಸ್. 1845ರಲ್ಲಿ ಶುರುವಾದ ಹುಚ್ಚಾಸ್ಪತ್ರೆಯೇ ಬೆಳೆದು ಇಂದಿನ ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನ ಸಂಸ್ಥೆಯಾಗಿದೆ. ಕಿತ್ತೂರಿನಿಂದ ಅದು ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್, ಸವದತ್ತಿಯಿಂದ ಸುಮಾರು 40. ಬೈಲಹೊಂಗಲದವರಿಗೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆಯೂ ಎಟುಕುತ್ತದೆ. ರಾಮದುರ್ಗದವರಿಗೆ ಮಾತ್ರ ಎಲ್ಲವೂ ದೂರ, ಬೆಳಗಾವಿ ಎಂದರೆ ನೂರು ಕಿಲೋಮೀಟರಿನ ಆಸುಪಾಸು. "ಧಾರವಾಡಕ್ಕ ಕರಕೊಂಡು ಹೋಗ್ಯಾರ" ಎಂಬ ಮಾತಿಗೆ ಈ ಭಾಗದಲ್ಲಿ ಇನ್ನೂ ಅಂಟಿಕೊಂಡಿರುವ ನಾಚಿಕೆ ಎಷ್ಟೋ ಜನರನ್ನು ಬಸ್ ಹತ್ತದಂತೆ ತಡೆದಿದೆ. ಅಂಥವರಿಗೆ ಮೊದಲ ಹೆಜ್ಜೆ ಫೋನ್ ಆಗಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ಹಣವಿಲ್ಲ.

ಇನ್ನು ಕೂಟದ ಕಥೆ. ಕುಡುಕನೊಬ್ಬನನ್ನು ಇನ್ನೊಬ್ಬ ಕುಡುಕನೇ ಎತ್ತಬಲ್ಲ ಎಂಬ ತಿಳಿವಳಿಕೆ ದೊಡ್ಡ ಚಳವಳಿಯಾಗಿ ಬೆಳೆದದ್ದು 1935ರ ಅಮೆರಿಕದಿಂದ. ನ್ಯೂಯಾರ್ಕಿನ ಶೇರು ವ್ಯವಹಾರದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಆ ಮೇ ತಿಂಗಳಲ್ಲಿ ವ್ಯವಹಾರಕ್ಕೆಂದು ಓಹಾಯೊ ರಾಜ್ಯದ ಆಕ್ರನ್ ಪಟ್ಟಣಕ್ಕೆ ಹೋದ, ಕೆಲಸ ಕೆಟ್ಟಿತು. ಹೋಟೆಲಿನ ಪಡಸಾಲೆಯಲ್ಲಿ ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಬಾರಿಗೆ ಹೋಗುವ ಸೆಳೆತ ಬಲವಾದಾಗ ಆತ ಚರ್ಚುಗಳ ನಂಬರುಗಳಿಗೆ ಒಂದಾದ ಮೇಲೊಂದು ಫೋನ್ ಮಾಡಿ, ತನ್ನ ಹಾಗೆಯೇ ಕುಡಿತದಿಂದ ಒದ್ದಾಡುತ್ತಿರುವ ಯಾರನ್ನಾದರೂ ಭೇಟಿ ಮಾಡಿಸಿ ಎಂದು ಕೇಳಿದ. ಹಾಗೆ ಸಿಕ್ಕವರು ಆ ಊರಿನ ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಕಾಲು ತಾಸು ಕೂತು ಎದ್ದುಬಿಡೋಣವೆಂದು ಬಂದ ಡಾಕ್ಟರು ರಾತ್ರಿಯವರೆಗೂ ಮಾತಾಡಿದರು. ಅವರಿಗೆ ಕುಡಿತದ ಕೆಡುಕು ಗೊತ್ತಿರಲಿಲ್ಲವೇ? ವೈದ್ಯರೇ ಅವರು. ಆದರೆ ಅದನ್ನು ಅನುಭವಿಸಿದವನ ಬಾಯಿಂದ, ಉಪದೇಶವಿಲ್ಲದೆ, ಕೇಳಿದ್ದು ಅದೇ ಮೊದಲು. ಡಾ. ಬಾಬ್ ಕೊನೆಯ ಗುಟುಕು ಕುಡಿದ 1935ರ ಜೂನ್ 10ನ್ನೇ ಆಲ್ಕೋಹಾಲಿಕ್ಸ್ ಅನಾನಿಮಸ್ ಅಥವಾ ಎಎ ಹುಟ್ಟಿದ ದಿನವೆಂದು ಎಣಿಸುತ್ತಾರೆ. ಮುಂದೆ ಇಬ್ಬರೂ ಆಸ್ಪತ್ರೆಗೆ ಹೋಗಿ ಮೂರನೆಯವನನ್ನು ಹುಡುಕಿದರು. ಭಾರತದಲ್ಲಿ ಎಎ ಕಾಲಿಟ್ಟದ್ದು 1957ರಲ್ಲಿ, ಮುಂಬೈಯಲ್ಲಿ.

ಈ ಘಟನೆಯಲ್ಲಿ ಗಮನಿಸಬೇಕಾದದ್ದು ಬಿಲ್ ಯಾರಿಗೂ ಉಪಕಾರ ಮಾಡಲು ಹೊರಟಿರಲಿಲ್ಲ ಎಂಬುದು. ತಾನು ಕುಡಿಯದೆ ಆ ಸಂಜೆ ದಾಟಲು ಅವನಿಗೆ ಇನ್ನೊಬ್ಬ ಬೇಕಾಗಿತ್ತು. ಎಎ ಸಭೆಗಳಲ್ಲಿ ಇಂದಿಗೂ ಹೊಸದಾಗಿ ಬಂದವನಿಗೆ ಸಿಗುವ ಆದರಕ್ಕೆ ಇದೇ ಬೇರು. ಹೊಸಬ ಬಂದರೆ ಹಳಬರ ಬಿಡುಗಡೆಯೂ ಗಟ್ಟಿಯಾಗುತ್ತದೆ.

ಸಭೆ ಹೇಗಿರುತ್ತದೆ ಎಂಬುದು ಗೊತ್ತಿಲ್ಲದೆಯೇ ಬಹಳ ಜನ ಹೆದರುತ್ತಾರೆ. ಶಾಲೆಯ ಒಂದು ಕೋಣೆ, ಚರ್ಚಿನ ಪಡಸಾಲೆ, ಯಾವುದೋ ಸಂಸ್ಥೆಯ ಹಾಲ್, ಇಷ್ಟು ಸಾಕು. ತಾಸು, ಒಂದೂವರೆ ತಾಸು ಕೂರುತ್ತಾರೆ. ಒಬ್ಬರು ಸಭೆ ನಡೆಸುತ್ತಾರೆ, ಅವರೂ ಕುಡಿದು ಬಿಟ್ಟವರೇ. ಒಬ್ಬೊಬ್ಬರಾಗಿ ಎದ್ದು ಬರಿಯ ಹೆಸರು ಹೇಳಿ, ಕುಡಿತ ತಮ್ಮನ್ನು ಎಲ್ಲಿಗೆ ತಂದಿತ್ತು, ಈಗ ಹೇಗಿದ್ದೇವೆ ಎಂದು ಹೇಳುತ್ತಾರೆ. ನಡುವೆ ಬಾಯಿ ಹಾಕುವವರಿಲ್ಲ, ಬುದ್ಧಿ ಹೇಳುವವರಿಲ್ಲ. ಮಾತಾಡಲು ಮನಸ್ಸಿಲ್ಲದವರು ಕೂತು ಕೇಳಿದರೂ ಆಯಿತು. ಅಡ್ಡಹೆಸರು, ಜಾತಿ, ಊರು, ನೌಕರಿ ಯಾರೂ ಕೇಳುವುದಿಲ್ಲ. ಫೀ ಇಲ್ಲ, ಹೊರಗಿನವರಿಂದ ದೇಣಿಗೆ ತಗೊಳ್ಳುವುದಿಲ್ಲ, ಚಹಾದ ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ. ಸದಸ್ಯನಾಗಲು ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಜೀವನಪೂರ್ತಿ ಬಿಡುತ್ತೇನೆಂದು ಮಾತು ಕೊಡಬೇಕಿಲ್ಲ, ಇವತ್ತೊಂದು ದಿನ ಬೇಡ ಎಂಬಷ್ಟೇ ಲೆಕ್ಕ. ಕ್ರಮೇಣ ಹಳೇ ಸದಸ್ಯನೊಬ್ಬ ಸ್ಪಾನ್ಸರ್ ಆಗಿ, ರಾತ್ರಿ ಹನ್ನೊಂದಕ್ಕೆ ಮನಸ್ಸು ಜಾರಿದರೂ ಫೋನ್ ಮಾಡಬಹುದಾದ ಮನುಷ್ಯನಾಗುತ್ತಾನೆ. ಕುಡಿಯುವವರಿಗಷ್ಟೇ ಮೀಸಲಾದ ಸಭೆಗಳಿವೆ, ಮನೆಯವರು, ಆಸಕ್ತರು ಬರಬಹುದಾದ ತೆರೆದ ಸಭೆಗಳೂ ಇವೆ. ಮೊದಲ ಸಲಕ್ಕೆ ತೆರೆದ ಸಭೆ ಸುಲಭ, ಅಣ್ಣನೋ ಹೆಂಡತಿಯೋ ಜೊತೆಗಿರಬಹುದು.

ಉತ್ತರ ಕರ್ನಾಟಕಕ್ಕೆ ತನ್ನದೇ ದಾರಿಯೂ ಒಂದಿತ್ತು. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮಿಗಳು ಊರೂರು ತಿರುಗಿ ಜೋಳಿಗೆ ಒಡ್ಡಿ, ದವಸ ಧಾನ್ಯ ಬೇಡ, ನಿಮ್ಮ ದುಶ್ಚಟ ಹಾಕಿ ಎಂದು ಬೇಡಿದರು. ಗುಟ್ಕಾ ಚೀಟಿ, ಬೀಡಿ ಕಟ್ಟು, ಬಾಟಲಿ ಎಲ್ಲವೂ ಆ ಜೋಳಿಗೆಗೆ ಬಿದ್ದವು. 'ಮಹಾಂತ ಜೋಳಿಗೆ' ಎಂದೇ ಹೆಸರಾದ ಈ ಕಾಯಕವನ್ನು ಅವರು ದಶಕಗಟ್ಟಲೆ ನಡೆಸಿ 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಒಬ್ಬ ಸ್ವಾಮಿ ಮನೆ ಬಾಗಿಲಿಗೆ ಬಂದು ಕುಡುಕನ ಮುಂದೆ ಬೇಡುವವನಾಗಿ ನಿಂತದ್ದು ಸಣ್ಣ ಸಂಗತಿಯಲ್ಲ. ಬೈಯಿಸಿಕೊಂಡೇ ಬದುಕಿದವನಿಗೆ ತನ್ನ ಬಳಿ ಕೊಡುವಂಥದ್ದೊಂದಿದೆ ಎಂದು ಅನಿಸಿದ್ದು ಬಹುಶಃ ಆಗಲೇ.

ಎಎ ಸಭೆಗೆ ಹತ್ತಿರದ ರೂಪ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಗೆ ಬಂದಿರುವುದು ಧರ್ಮಸ್ಥಳದ ಕಡೆಯಿಂದ. 1982ರಲ್ಲಿ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೂಡಿ ಜನಜಾಗೃತಿ ವೇದಿಕೆ 1990ರ ದಶಕದಿಂದ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಿದೆ. ರಾಜ್ಯದಲ್ಲಿ ಈವರೆಗೆ ನಡೆದ ಶಿಬಿರಗಳು ಸಾವಿರದ ಐನೂರಕ್ಕೂ ಹೆಚ್ಚು. ಕಲ್ಯಾಣ ಮಂಟಪದಲ್ಲೋ ಮಠದಲ್ಲೋ ಎಂಟು ದಿನ ಎಲ್ಲರೂ ಒಟ್ಟಿಗೆ ಇರುತ್ತಾರೆ. ಊರಿನ ಹಿರಿಯರ ವ್ಯವಸ್ಥಾಪನಾ ಸಮಿತಿ ಊಟ, ಜಾಗ ನೋಡಿಕೊಳ್ಳುತ್ತದೆ. ವೈದ್ಯೋಪಚಾರ, ವ್ಯಾಯಾಮ, ಭಜನೆ, ಗುಂಪು ಚರ್ಚೆ, ಆಪ್ತಸಲಹೆ ಇರುತ್ತವೆ. ಮನೆಯವರನ್ನು ಕರೆಸಿ ಎದುರುಬದುರು ಕೂರಿಸುವ ದಿನವೂ ಇರುತ್ತದೆ, ಆ ದಿನ ಅಳದವರು ಕಡಿಮೆ. ಬೆಳ್ತಂಗಡಿ ತಾಲ್ಲೂಕಿನ ಲಾಯಿಲದಲ್ಲಿ ಸ್ಥಿರವಾದ ವ್ಯಸನಮುಕ್ತಿ ಕೇಂದ್ರವೂ ಇದೆ. ಇಂಥ ಹಳ್ಳಿಯ ಶಿಬಿರಗಳಿಗೆ ತಮಿಳುನಾಡಿನಲ್ಲೂ ಪೂರ್ವಜರಿದ್ದಾರೆ. ಚೆನ್ನೈನಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಕಟ್ಟಿದ ಸಂಸ್ಥೆ 1989ರಿಂದ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಶಿಬಿರ ನಡೆಸುತ್ತ ಬಂದಿದೆ.

ಶಿಬಿರದ ಎಂಟು ದಿನ ಎಲ್ಲರ ಕಣ್ಣಿಗೆ ಬೀಳುತ್ತದೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಹೆಚ್ಚು ಬೆಲೆಯುಳ್ಳದ್ದು ಆಮೇಲಿನ 'ನವಜೀವನ ಸಮಿತಿ'. ಶಿಬಿರ ಮುಗಿಸಿದವರೇ ಸೇರಿ ಮಾಡಿಕೊಳ್ಳುವ ಈ ಸಮಿತಿಯಲ್ಲಿ ಸದಸ್ಯರು ಆಗಾಗ ಕೂಡುತ್ತಾರೆ, ಜಾರಿದವರ ಮನೆಗೆ ಹೋಗಿ ಬರುತ್ತಾರೆ. ನೂರು ದಿನ ದಾಟಿದಾಗ ಶತದಿನೋತ್ಸವ ಮಾಡುತ್ತಾರೆ. ಕುಡಿತ ಬಿಟ್ಟವರಲ್ಲಿ ಮರಳಿ ಜಾರುವವರು ಹೆಚ್ಚಾಗಿ ಜಾರುವುದು ಮೊದಲ ಮೂರು ತಿಂಗಳಲ್ಲಿ. ಅದನ್ನು ನೋಡಿದರೆ ಆ ನೂರರ ಲೆಕ್ಕ ಅನುಭವದಿಂದಲೇ ಬಂದದ್ದು ಎನ್ನಿಸುತ್ತದೆ. ಸಮಿತಿ ಚುರುಕಾಗಿರುವ ಊರಿನಲ್ಲಿ ಶಿಬಿರದ ಫಲ ಉಳಿಯುತ್ತದೆ. ಫೋಟೋ ತೆಗೆಸಿಕೊಂಡು ಸಮಿತಿಯನ್ನು ಮರೆತ ಊರಿನಲ್ಲಿ ಅದೇ ಜನ ಮುಂದಿನ ಶಿಬಿರಕ್ಕೆ ಹೆಸರು ಬರೆಸುತ್ತಾರೆ. ಹಣ, ಜನಬಲ, ಉತ್ಸಾಹವೆಲ್ಲ ಎಂಟು ದಿನಕ್ಕೇ ಖರ್ಚಾಗಬಾರದು. ಮುಂದಿನ ಐವತ್ತು ವಾರಗಳಿಗೂ ಅದರಲ್ಲಿ ಪಾಲು ಇರಬೇಕು.

ಎರಡು ದಾರಿಗಳ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಎಎಗೆ ಗುಟ್ಟೇ ಜೀವ: ಇಲ್ಲಿ ಕಂಡದ್ದು, ಕೇಳಿದ್ದು ಹೊರಗೆ ಹೋಗಬಾರದು. ನವಜೀವನ ಸಮಿತಿಯದು ಬಯಲು: ವೇದಿಕೆ ಹತ್ತಿಸಿ, ಹಾರ ಹಾಕಿ, ಇವರು ಪಾನಮುಕ್ತರು ಎಂದು ಊರಿಗೇ ಸಾರುವುದು. ಯಾವುದು ಮೇಲು? ನಗರದಲ್ಲಿ ಗುಟ್ಟು ಬೇಕು. ಬ್ಯಾಂಕಿನ ನೌಕರ, ಶಾಲೆಯ ಮಾಸ್ತರ, ಪೊಲೀಸ್ ಪೇದೆ ಯಾರೂ ಗುರುತು ಬಿಟ್ಟುಕೊಡದೆ ಹೋಗಿ ಕೂರುವಂತಿರಬೇಕು. ಹಳ್ಳಿಯಲ್ಲಿ ಅವನು ಕುಡಿಯುತ್ತಿದ್ದುದು ಯಾರಿಗೆ ಗೊತ್ತಿಲ್ಲ? ಅಗಸಿಯ ಕಟ್ಟೆಯ ಮೇಲೆ ಬಿದ್ದವನನ್ನು ಊರೇ ಎತ್ತಿ ಮನೆ ಮುಟ್ಟಿಸಿದೆ. ಅಲ್ಲಿ ಗುಟ್ಟಾಗಿರುವುದು ಬಿಡುವ ಪ್ರಯತ್ನ ಮಾತ್ರ, ಏಕೆಂದರೆ ಸೋತರೆ ನಗುತ್ತಾರೆಂಬ ಅಂಜಿಕೆ. ಆದ್ದರಿಂದ ಊರ ಮುಂದೆ ಗೌರವ ಮರಳಿ ಸಿಗುವುದು ಹಳ್ಳಿಯವನಿಗೆ ನಿಜವಾದ ಔಷಧವೇ. ಆದರೆ ಬಯಲಿಗೂ ಅಪಾಯವಿದೆ. ಹಾರ ಹಾಕಿಸಿಕೊಂಡವನು ಒಮ್ಮೆ ಜಾರಿದರೆ ನಾಚಿಕೆ ಇಮ್ಮಡಿಯಾಗುತ್ತದೆ, ಸಮಿತಿಯವರ ಮುಖ ನೋಡಲಾರದೆ ಮತ್ತಷ್ಟು ಕುಡಿಯುತ್ತಾನೆ. ಎಎಯಲ್ಲಿ ಜಾರಿದವನು ಮುಂದಿನ ಸಭೆಗೆ ಬಂದು ಮತ್ತೆ ಮೊದಲ ದಿನ ಎಂದು ಹೇಳಿದರೆ ಚಪ್ಪಾಳೆ ಬೀಳುತ್ತದೆ. ನವಜೀವನ ಸಮಿತಿಗಳು ಅಲ್ಲಿಂದ ಕಲಿಯಬೇಕಾದದ್ದು ಇದು. ಹಾರಕ್ಕೆ ಅವಸರ ಬೇಡ, ಬಾಗಿಲು ಮಾತ್ರ ಯಾವತ್ತೂ ತೆರೆದಿರಲಿ.

ದೇವರ ಪ್ರಶ್ನೆಯೂ ಬರುತ್ತದೆ. ಎಎಯ ಹನ್ನೆರಡು ಹೆಜ್ಜೆಗಳಲ್ಲಿ ನಮಗಿಂತ ದೊಡ್ಡ ಶಕ್ತಿಯೊಂದರ ಮಾತಿದೆ. ಅದು ಎಲ್ಲಮ್ಮನೋ, ಅಲ್ಲಾಹನೋ, ಬಸವಣ್ಣನೋ, ಇಲ್ಲವೇ ಆ ಕೂಟವೇ ಇರಬಹುದು ಎಂದು ಅವರೇ ಹೇಳುತ್ತಾರೆ. ಧರ್ಮಸ್ಥಳದ ಶಿಬಿರಗಳಲ್ಲಿ ಭಜನೆ, ಮಂಜುನಾಥನ ಹೆಸರು ಸಹಜ. ಅದೇ ಕೆಲವರಿಗೆ ಬಲ, ಕೆಲವರಿಗೆ ಹೊರಗಿನವರೆಂಬ ಭಾವ. ಇನ್ನೊಂದು ಮಾತನ್ನು ಮುಚ್ಚಿಡಬಾರದು. ಊರಿನ ಯಾವ ಕಟ್ಟಡದಲ್ಲಿ ಕೂಟ ಸೇರುತ್ತದೆ ಎಂಬುದರ ಮೇಲೆ ಯಾವ ಕೇರಿಯವರು ಬರುತ್ತಾರೆ, ಯಾರು ಬಾಗಿಲಲ್ಲೇ ನಿಲ್ಲುತ್ತಾರೆ ಎಂಬುದು ತೀರ್ಮಾನವಾಗಿಬಿಡುತ್ತದೆ. ಗುಡಿ, ಮಠಗಳಿಗಿಂತ ಸರ್ಕಾರಿ ಶಾಲೆ, ಗ್ರಂಥಾಲಯ, ಆಸ್ಪತ್ರೆಯ ಕೋಣೆ ಇದಕ್ಕೆ ಹೆಚ್ಚು ಯೋಗ್ಯ.

ಕೂಟದಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದು ಕೇಳುವುದು ಸರಿಯಾದ ಪ್ರಶ್ನೆ. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಒಟ್ಟು 10,565 ಜನರ ಮಾಹಿತಿಯನ್ನು ಕೂಡಿಸಿ ನೋಡಿತು. ಜನರನ್ನು ಎಎಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ, ಪೂರ್ತಿ ಕುಡಿತ ಬಿಟ್ಟಿರುವ ವಿಷಯದಲ್ಲಿ, ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಮುಂದಿತ್ತು. ಖರ್ಚೂ ಕಡಿಮೆಯಾಗುವ ಸೂಚನೆ ಕಂಡಿತು. ಅಧ್ಯಯನಗಳ ಬಹುಪಾಲು ಅಮೆರಿಕದವು ಎಂಬುದನ್ನೂ ನೆನಪಿಡಬೇಕು. ನಮಗೆ ಹತ್ತಿರದ ಉದಾಹರಣೆ ಪಕ್ಕದ ಗೋವಾದ್ದು. ಕುಡಿತದಿಂದ ಕೇಡು ಅನುಭವಿಸುತ್ತಿದ್ದ, ಆದರೆ ಇನ್ನೂ ಪೂರ್ತಿ ದಾಸರಾಗದ 377 ಗಂಡಸರ ಮೇಲೆ 'ಸಂಗತ್' ಸಂಸ್ಥೆ ನಡೆಸಿದ ಪ್ರಯೋಗ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾತಾಡಿಸಿದವರು ಡಾಕ್ಟರರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಮೂರು ತಿಂಗಳ ನಂತರ ಸುಧಾರಿಸಿದವರು ಆಪ್ತಸಲಹೆ ಸಿಕ್ಕವರಲ್ಲಿ 36 ಪ್ರತಿಶತ, ಸಿಗದವರಲ್ಲಿ 26. ದೊಡ್ಡ ಡಿಗ್ರಿ ಇಲ್ಲದವರೂ ಸರಿಯಾಗಿ ಕಲಿತು ಕೂತು ಮಾತಾಡಿಸಿದರೆ ಫಲವಿದೆ ಎಂದಾಯಿತು. ಎಲ್ಲರಿಗೂ ಒಂದೇ ದಾರಿ ಒಗ್ಗುವುದಿಲ್ಲ. ಕೆಲವರಿಗೆ ಮಾತ್ರೆ ಹಾಗೂ ಮನೋವೈದ್ಯರ ಸಲಹೆ ಸಾಕು, ಖಿನ್ನತೆಯಂಥ ಬೇರೆ ತೊಂದರೆ ಇರುವವರಿಗೆ ಕೂಟದ ಜೊತೆ ಚಿಕಿತ್ಸೆಯೂ ಬೇಕು.

ಹುಡುಕುವುದು ಹೇಗೆ? ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ಧರ್ಮಸ್ಥಳ ಯೋಜನೆಯ ಸಂಘಗಳಿಗೆ ಹೋಗುವ ಹೆಣ್ಣುಮಕ್ಕಳು ಬಹಳ. ನವಜೀವನ ಸಮಿತಿ ಎಲ್ಲಿದೆ, ಮುಂದಿನ ಶಿಬಿರ ಯಾವಾಗ ಎಂಬುದು ಅವರಿಗೆ, ಅವರ ಸೇವಾಪ್ರತಿನಿಧಿಗೆ ಗೊತ್ತಿರುತ್ತದೆ. ಮಂಗಳವಾರದ ಮನೋವೈದ್ಯರನ್ನು, ಡಿಮ್ಹಾನ್ಸಿನ ಸಮಾಜ ಕಾರ್ಯಕರ್ತರನ್ನು ಕೇಳಬಹುದು. ಎಎ ಸಭೆಗಳ ಸುಳಿವು ಬೆಳಗಾವಿ, ಹುಬ್ಬಳ್ಳಿ–ಧಾರವಾಡಗಳ ವ್ಯಸನಮುಕ್ತಿ ಕೇಂದ್ರಗಳಲ್ಲಿ ಕೇಳಿದರೆ ಸಿಗುತ್ತದೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಹೆಚ್ಚಿದ ಆನ್‌ಲೈನ್ ಸಭೆಗಳು ಇಂದಿಗೂ ನಡೆಯುತ್ತಿವೆ. ರಾಮದುರ್ಗದಂಥ ದೂರದ ಊರಿನವನು ಹೊಲದ ಬದುವಿನ ಮೇಲೆ ಕೂತೇ ಮೊಬೈಲಿನಲ್ಲಿ ಸೇರಿಕೊಳ್ಳಬಹುದು. ಮೊದಲ ದಿನ ಹಿಡಿಸಲಿಲ್ಲವೆಂದು ಬಿಡಬಾರದು. ಆರೇಳು ಸಲ ಕೂತು, ಬೇರೆ ಕೂಟವೊಂದನ್ನೂ ನೋಡಿ, ಆಮೇಲೆ ತೀರ್ಮಾನಿಸುವುದು ಒಳ್ಳೆಯದು.

ಎಚ್ಚರ ಬೇಕಾದ ಜಾಗಗಳೂ ಇವೆ. ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ ಎಂಬ ಜಾಹೀರಾತು ಬಸ್ ನಿಲ್ದಾಣದ ಗೋಡೆಗಳ ಮೇಲೆ ಕಾಣುತ್ತದೆ. ಹೆಂಡತಿಯೋ ತಾಯಿಯೋ ಸಾಲ ಮಾಡಿ ತಂದು ಸಾರಿನಲ್ಲಿ ಬೆರೆಸುತ್ತಾರೆ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ವೈದ್ಯರು ರೋಗಿಯ ಒಪ್ಪಿಗೆ ಪಡೆದು, ತಪಾಸಣೆ ಮಾಡಿ ಕೊಡುತ್ತಾರೆ, ಏಕೆಂದರೆ ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಪ್ರಾಣವೂ ಹೋಗಬಹುದು. ಗೊತ್ತಿಲ್ಲದವನ ತಟ್ಟೆಗೆ ಅದನ್ನು ಹಾಕುವುದು ಅಪಾಯ. ಬಲವಂತವಾಗಿ ಎಳೆದೊಯ್ದು ಕೂಡಿಹಾಕಿ ಹೊಡೆಯುವ ಕೇಂದ್ರಗಳನ್ನೂ ದೂರ ಇಡಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯವ್ಯಸನದಿಂದ ಬಂದ ಮನೋಸ್ಥಿತಿಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಸರಪಳಿ ಕಟ್ಟುವುದನ್ನು ಅದು ಸಂಪೂರ್ಣ ನಿಷೇಧಿಸಿದೆ. ನೋಂದಣಿ ಪತ್ರ ತೋರಿಸಿ ಎಂದು ಕೇಳುವ ಹಕ್ಕು ಮನೆಯವರಿಗಿದೆ, ಕೇಳಲು ಸಂಕೋಚಪಡಬೇಕಿಲ್ಲ.

ಇಷ್ಟು ಹೊತ್ತು ಗಂಡಸರ ಮಾತಾಯಿತು. ಕುಡಿತದ ಮನೆಯಲ್ಲಿ ಮೊದಲು ಸಹಾಯ ಹುಡುಕುವವಳು ಹೆಂಡತಿ, ಇಲ್ಲವೇ ತಾಯಿ. ಅವಳಿಗೇ ಒಂದು ಕೂಟ ಬೇಕು, ಗಂಡ ಬಿಡಲಿ ಬಿಡದಿರಲಿ. ಬಿಲ್ ವಿಲ್ಸನ್ ಹೆಂಡತಿ ಲೋಯಿಸ್ 1951ರಲ್ಲಿ ಅಲ್‌ಅನಾನ್ ಕಟ್ಟಿದ್ದು ಇದೇ ಕಾರಣಕ್ಕೆ. ಕುಡಿತಕ್ಕೆ ತಾನು ಕಾರಣಳಲ್ಲ, ಅದನ್ನು ತಾನೊಬ್ಬಳೇ ಬಿಡಿಸಲಾರೆ ಎಂಬ ಅರಿವು ಬಂದ ಹೆಣ್ಣುಮಗಳಿಗೆ ತಲೆ ಎತ್ತಿ ಬದುಕಲು ಸಾಧ್ಯವಾಗುತ್ತದೆ. ನಮ್ಮ ಸ್ವಸಹಾಯ ಸಂಘಗಳು ಈಗಾಗಲೇ ವಾರವಾರ ಸೇರುತ್ತವೆ, ಲೆಕ್ಕ ಬರೆಯುತ್ತವೆ, ಕಂತು ಕಟ್ಟುತ್ತವೆ. ಕಂತು ಏಕೆ ತಪ್ಪಿತು ಎಂದು ಕೇಳಿದಾಗ ಹೊರಬರುವ ಕಥೆ ಎಷ್ಟೋ ಸಲ ಕುಡಿತದ್ದೇ. ಲೆಕ್ಕ ಮುಗಿದ ಮೇಲಿನ ಅರ್ಧ ತಾಸು ಅಂಥವರು ಮನಸ್ಸು ಬಿಚ್ಚಲು ಮೀಸಲಾದರೆ ಹೊಸ ಕಟ್ಟಡ ಬೇಡ, ಹೊಸ ಯೋಜನೆಯೂ ಬೇಡ. ಕುಡಿಯುವ ಹೆಂಗಸರ ಪಾಡು ಇನ್ನೂ ಕಠಿಣ. ಸಂಖ್ಯೆ ಕಡಿಮೆ, ಅವಮಾನ ಹಲವು ಪಟ್ಟು. ಗಂಡಸರೇ ತುಂಬಿದ ಶಿಬಿರಕ್ಕಾಗಲಿ, ಸಮಿತಿಗಾಗಲಿ ಅವರು ಬರಲಾರರು. ಅಂಥವರಿಗೆ ಸದ್ಯಕ್ಕೆ ಟೆಲಿ ಮಾನಸ್, ಡಿಮ್ಹಾನ್ಸಿನ ಹೊರರೋಗಿ ವಿಭಾಗ, ಮಹಿಳೆಯರಿಗೆಂದೇ ನಡೆಯುವ ಆನ್‌ಲೈನ್ ಸಭೆಗಳು ದಾರಿ.

ತನ್ನ ಊರಲ್ಲಿ ಏನೂ ಇಲ್ಲದಿದ್ದರೆ? ಎಎಯ ನಿಯಮದ ಪ್ರಕಾರ ಕುಡಿತ ಬಿಡಲೆಂದು ಇಬ್ಬರು ಮೂವರು ಸೇರಿದರೆ ಅದೇ ಒಂದು ಗುಂಪು. ಬೈಲಹೊಂಗಲದ ಆಸ್ಪತ್ರೆಯ ಒಂದು ವಾರ್ಡಿನಲ್ಲಿ ಅಕ್ಕಪಕ್ಕ ಮಲಗಿ ಎದ್ದ ಇಬ್ಬರು ಬಿಡುಗಡೆಯಾಗುವ ದಿನ ಫೋನ್ ನಂಬರು ಬದಲಾಯಿಸಿಕೊಂಡರೆ ಆರಂಭವಾಯಿತು. ವಾರ ನಿಗದಿಯಾಗಲಿ, ಹೊತ್ತು ನಿಗದಿಯಾಗಲಿ. ಹೊತ್ತು ಸಂಜೆಯದೇ ಆಗಲಿ, ಏಕೆಂದರೆ ಕಾಲು ಅಂಗಡಿಯ ಕಡೆ ತಿರುಗುವುದು ಆಗಲೇ. ಪಗಾರದ ದಿನ, ಸಂತೆಯ ದಿನ, ಊರ ಜಾತ್ರೆಯ ದಿನ ಕೂಟ ತಪ್ಪಲೇಬಾರದು.

ಇದರಲ್ಲಿ ಸರ್ಕಾರ ಮಾಡಬಹುದಾದ ಕೆಲಸಕ್ಕೆ ಹೆಚ್ಚು ಹಣ ಬೇಡ. ಪ್ರತಿ ಆಗಸ್ಟ್ 1ರಂದು ಶಾಲೆ ಕಾಲೇಜುಗಳಲ್ಲಿ ಪ್ರತಿಜ್ಞೆ, ಜಾಥಾ, ಭಾಷಣ ನಡೆಯುತ್ತವೆ. ಅದೇ ದಿನ ನಾಲ್ಕೂ ತಾಲ್ಲೂಕುಗಳ ಆರೋಗ್ಯ ಇಲಾಖೆ ತನ್ನ ವ್ಯಾಪ್ತಿಯಲ್ಲಿರುವ ನವಜೀವನ ಸಮಿತಿ, ಎಎ ಸಭೆ, ಮನೋವೈದ್ಯರು ಬರುವ ಮಂಗಳವಾರಗಳ ಒಂದು ಪಟ್ಟಿ ಮಾಡಿ ಆಸ್ಪತ್ರೆಯ ಚೀಟಿ ಮಾಡಿಸುವ ಕಿಟಕಿಯ ಪಕ್ಕ ಅಂಟಿಸಬಹುದು, ಆಶಾ ಕಾರ್ಯಕರ್ತೆಯರ ಕೈಗೆ ಕೊಡಬಹುದು. ಕುಡಿತದ ಕಾಯಿಲೆಯಿಂದ ದಾಖಲಾಗಿ ಮನೆಗೆ ಹೊರಟ ಪ್ರತಿಯೊಬ್ಬನ ಬಿಡುಗಡೆ ಚೀಟಿಯಲ್ಲಿ, ಮಾತ್ರೆಗಳ ಹೆಸರಿನ ಕೆಳಗೆ, ಅವನ ಊರಿಗೆ ಹತ್ತಿರದ ಕೂಟ ಸೇರುವ ಜಾಗ, ವಾರ, ಹೊತ್ತು ಬರೆದಿರಬೇಕು. ಕಿತ್ತೂರಿನಲ್ಲೋ ಸವದತ್ತಿಯಲ್ಲೋ ಒಂದು ಆಸ್ಪತ್ರೆ ಇದನ್ನು ಮೊದಲು ಶುರುಮಾಡಿದರೆ ಉಳಿದ ಮೂರು ತಾಲ್ಲೂಕುಗಳಿಗೆ ನೋಡಿ ಕಲಿಯಲು ಹೆಚ್ಚು ದಿನ ಬೇಕಾಗಲಾರದು.